ಸಿದ್ಧ ಸಾಮಗ್ರಿ ಮತ್ತು ಸೃಷ್ಟಿಯ ಪ್ರಶ್ನೆ: ಒಗಟಿನ ಗೇಮುಗಳನ್ನು ಕುರಿತ ಆಟಗಾರರ ವಿಮರ್ಶೆ

1

ಕೃತಿಯೊಂದರಲ್ಲಿ ಬಳಕೆಯಾದ ಸಾಮಗ್ರಿ ಯಾರದು, ಆ ಸಾಮಗ್ರಿಯಿಂದ ಕಟ್ಟಿದ ಕೃತಿ ಯಾರದು ಎಂಬ ಪ್ರಶ್ನೆ ಭಾರತೀಯ ಕಾವ್ಯಮೀಮಾಂಸೆಗೆ ಹೊಸದಲ್ಲ. ಕನ್ನಡ ಸಾಹಿತ್ಯದ ಅಧ್ಯಯನವಂತೂ ಈ ಪ್ರಶ್ನೆಯಿಂದಲೇ ಆರಂಭವಾಗುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ನಮಗೆ ದೊರೆತಿರುವ ಮೊದಲ ಕೃತಿಯಾದ 'ಕವಿರಾಜಮಾರ್ಗ'ವು ದಂಡಿಯ 'ಕಾವ್ಯಾದರ್ಶ'ಕ್ಕೆ ಎಷ್ಟು ಋಣಿ, ಎಷ್ಟು ಸ್ವತಂತ್ರ ಎಂಬ ಚರ್ಚೆಯನ್ನು ಕೇಳದೆ ಯಾವ ವಿದ್ಯಾರ್ಥಿಯೂ ಎಂ.ಎ. ಪದವಿಯನ್ನು ಮುಗಿಸಿರಲಾರ. ಇದೇ ಪ್ರಶ್ನೆಯು ಕಳೆದ ಒಂದೂವರೆ ದಶಕದಲ್ಲಿ ನಾವು ನಿರೀಕ್ಷಿಸದ ಕಡೆಯಿಂದ, ನಾವು ಗಮನಿಸದ ಜನರಿಂದ ಮತ್ತೆ ಎದ್ದಿದೆ. ವಿಡಿಯೊ ಗೇಮುಗಳನ್ನು ಕೊಂಡು ಆಡುವ ಸಾಮಾನ್ಯ ಆಟಗಾರರು ಅದನ್ನು ಎತ್ತಿದ್ದಾರೆ. ಅವರ ವಿಮರ್ಶೆಯನ್ನು ಕಾವ್ಯಮೀಮಾಂಸೆಯ ವಿದ್ಯಾರ್ಥಿಯಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದಕ್ಕೆ ಕಾರಣವಾದ ಒಂದು ಸಣ್ಣ ಅನುಭವವನ್ನು ಮೊದಲು ಹೇಳಬೇಕು. ಪ್ರಬಂಧದ ಅಧ್ಯಾಯವೊಂದು ಮುಂದೆ ಸಾಗದಿದ್ದ ದಿನಗಳಲ್ಲಿ ಒಂದು ಊಟದ ಬೆಲೆಗೆ ಒಗಟಿನ ಗೇಮೊಂದನ್ನು ಕೊಂಡೆ. ಪಾಳುಬಿದ್ದ ಗುಡಿಯೊಂದರ ಕಲ್ಲಿನ ಬಾಗಿಲುಗಳನ್ನು ತೆರೆಯುತ್ತ ಹೋಗಬೇಕಾದ ಆಟ ಅದು. ಮೊದಲ ಕೆಲವು ಮೆಟ್ಟಿಲುಗಳು ಸರಳವಾಗಿದ್ದವು. ಮುಂದಿನ ಒಂದರಲ್ಲಿ ಬೇಕಾದ ಕೀಲಿಕೈ ಗೋಡೆಯೊಳಗೆ ಹುದುಗಿಹೋಗಿತ್ತು. ಅದು ಕಾಣುತ್ತಿತ್ತು, ಆದರೆ ಕೈಗೆ ಸಿಗುತ್ತಿರಲಿಲ್ಲ. ಒಗಟಿನ ಜಾಣ್ಮೆಯೇ ಅದಿರಬಹುದೆಂದು ಭಾವಿಸಿ ಎರಡು ಸಂಜೆಗಳನ್ನು ಕಳೆದೆ. ಆಮೇಲೆ ತಿಳಿದದ್ದು, ಅದು ಜಾಣ್ಮೆಯಲ್ಲ. ಆ ಮೆಟ್ಟಿಲನ್ನು ಸಿದ್ಧಪಡಿಸಿದವರು ಒಮ್ಮೆಯೂ ಅದನ್ನು ಆಡಿ ನೋಡಿರಲಿಲ್ಲ. ಕೆಲವು ವಾರಗಳ ಅನಂತರ ಬೇರೊಬ್ಬರ ಹೆಸರಿನ ಇನ್ನೊಂದು ಗೇಮಿನಲ್ಲಿ ಅದೇ ಕಲ್ಲಿನ ಬಾಗಿಲು, ಅದೇ ಪಂಜು, ಅದೇ ಹಿನ್ನೆಲೆ ಸಂಗೀತ ಎದುರಾದವು. ಅದರ ಬಗ್ಗೆ ಆಟಗಾರನೊಬ್ಬ ಬರೆದ ವಿಮರ್ಶೆ ಎರಡೇ ಪದಗಳದ್ದು: ಅಸೆಟ್ ಫ್ಲಿಪ್.

ಈ ಎರಡು ಪದಗಳಲ್ಲಿ ನ್ಯಾಯವೂ ಇದೆ, ಅನ್ಯಾಯವೂ ಇದೆ. ಇವೆರಡನ್ನು ಬೇರ್ಪಡಿಸಲು ನಮ್ಮ ಮೀಮಾಂಸೆಯ ಪರಂಪರೆಯಲ್ಲಿ ಸೂಕ್ತವಾದ ಪರಿಕರಗಳಿವೆ ಎಂಬುದು ನನ್ನ ನಿಲುವು.

2

ಮೊದಲಿಗೆ ಹಿನ್ನೆಲೆಯನ್ನು ಸಂಕ್ಷೇಪವಾಗಿ ನೋಡಬಹುದು. ಗೇಮ್ ಎಂಬುದು ಚಿತ್ರ, ಧ್ವನಿ, ಚಲನೆ ಮತ್ತು ನಿಯಮಗಳ ಸಂಯೋಗ. ಇವುಗಳಲ್ಲಿ ನಿಯಮಗಳನ್ನು ಬಿಟ್ಟು ಉಳಿದ ಬಿಡಿ ಸಾಮಗ್ರಿಯನ್ನು ಆ ಉದ್ಯಮದವರು 'ಅಸೆಟ್' ಎನ್ನುತ್ತಾರೆ. ಒಂದು ಮರ, ಒಂದು ಬಾಗಿಲು, ಹೆಜ್ಜೆಯ ಸಪ್ಪಳ, ಎಲ್ಲವೂ ಅಸೆಟ್‌ಗಳೇ. ಗೇಮುಗಳನ್ನು ಕಟ್ಟಲು ಬಳಸುವ 'ಯೂನಿಟಿ' ಎಂಬ ತಂತ್ರಾಂಶದ ಸಂಸ್ಥೆಯು 2010ರಲ್ಲಿ ಇಂತಹ ಸಾಮಗ್ರಿಯ ಮಾರಾಟಕ್ಕೆಂದೇ ಒಂದು ಅಂಗಡಿಯನ್ನು ತೆರೆಯಿತು. ಚಿತ್ರಕಾರನನ್ನಾಗಲಿ ಸಂಗೀತಗಾರನನ್ನಾಗಲಿ ನೇಮಿಸಿಕೊಳ್ಳಲಾಗದ ಒಂಟಿ ನಿರ್ಮಾಪಕನಿಗೆ ಇದು ದೊಡ್ಡ ಅನುಕೂಲ. ಸ್ವತಂತ್ರ ಅಥವಾ 'ಇಂಡಿ' ಗೇಮುಗಳ ಬೆಳವಣಿಗೆಗೆ ಇಂತಹ ಅಂಗಡಿಗಳು ನೆರವಾದವು ಎಂಬುದನ್ನು ಒಪ್ಪಲೇಬೇಕು. ಆದರೆ ಅಲ್ಲಿ ಬಿಡಿ ಸಾಮಗ್ರಿಯಷ್ಟೇ ಅಲ್ಲದೆ, ನಿಯಮಗಳ ಸಮೇತ ಸಿದ್ಧವಾದ ಇಡೀ ಗೇಮಿನ ಮಾದರಿಗಳೂ ದೊರೆಯುತ್ತವೆ. ಕಲಿಯುವವರಿಗೆ ಬುನಾದಿಯಾಗಲೆಂದು ಮಾಡಿದ ಆ ಮಾದರಿಗಳಿಗೆ ಹೊಸ ಹೆಸರನ್ನು ಅಂಟಿಸಿ ಹಾಗೆಯೇ ಮಾರುವುದು ಸಾಧ್ಯವಾಯಿತು. ಈ ಬಗೆಯ ಮಾರಾಟಕ್ಕೆ ಆಟಗಾರರು ಇಟ್ಟ ಹೆಸರು 'ಅಸೆಟ್ ಫ್ಲಿಪ್'. ಕೊಂಡ ಸರಕನ್ನು ಮಗುಚಿ ಮತ್ತೆ ಮಾರುವುದು ಎಂಬುದು ಅದರ ತಾತ್ಪರ್ಯ. ಜೇಮ್ಸ್ ಸ್ಟೆಫನಿ ಸ್ಟರ್ಲಿಂಗ್ ಎಂಬ ಬ್ರಿಟಿಷ್ ಮೂಲದ ವಿಮರ್ಶಕರ ವಿಡಿಯೊಗಳಿಂದ ಈ ಪದ ವ್ಯಾಪಕವಾಗಿ ಬಳಕೆಗೆ ಬಂದಿತು.

ಮಾರುಕಟ್ಟೆಯ ಕಡೆಯಿಂದಲೂ ಇದಕ್ಕೆ ಅವಕಾಶ ದೊರೆಯಿತು. ಅಮೆರಿಕದ ವಾಲ್ವ್ ಸಂಸ್ಥೆಯ 'ಸ್ಟೀಮ್' ಮಾರಾಟ ಕೇಂದ್ರವು 2012ರಲ್ಲಿ 'ಗ್ರೀನ್‌ಲೈಟ್' ಎಂಬ ವ್ಯವಸ್ಥೆಯನ್ನು ಜಾರಿಗೆ ತಂದು, ಯಾವ ಗೇಮು ಮಾರಾಟಕ್ಕೆ ಬರಬೇಕೆಂಬ ಆಯ್ಕೆಯಲ್ಲಿ ಆಟಗಾರರ ಮತಕ್ಕೂ ಸ್ಥಾನ ಕೊಟ್ಟಿತು. 2017ರ ಜೂನ್‌ನಲ್ಲಿ ಅದನ್ನು ನಿಲ್ಲಿಸಿ, ಗೇಮೊಂದಕ್ಕೆ 100 ಡಾಲರ್ ಶುಲ್ಕ ಕಟ್ಟುವ 'ಸ್ಟೀಮ್ ಡೈರೆಕ್ಟ್' ವ್ಯವಸ್ಥೆಯನ್ನು ತಂದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಿಲಿಕಾನ್ ಎಕೋ ಎಂಬ ಒಂದೇ ನಿರ್ಮಾಪಕ ಗುಂಪಿಗೆ ಸೇರಿದ 173 ಗೇಮುಗಳನ್ನು ಸ್ಟೀಮ್‌ನಿಂದ ತೆಗೆದುಹಾಕಲಾಯಿತು. ಆಡಲೆಂದಲ್ಲದೆ ಬೇರೆ ಲಾಭಕ್ಕಾಗಿಯೇ ಗೇಮುಗಳು ಹುಟ್ಟುತ್ತಿದ್ದುದೂ ಈ ಕಾಲದ ವಿಶೇಷ. ಸ್ಟೀಮ್‌ನಲ್ಲಿ 2013ರಿಂದ ಗೇಮು ಆಡಿದವರಿಗೆ ಮಾರಬಹುದಾದ ಚಿತ್ರಪತ್ರಗಳು ಸಿಗುತ್ತಿದ್ದವು. ಆ ಪತ್ರಗಳ ಮಾರಾಟದಲ್ಲಿ ಬರುವ ಪಾಲಿಗಾಗಿ ಹುಸಿ ಗೇಮುಗಳನ್ನು ಹುಟ್ಟಿಸುವವರು ಹೆಚ್ಚಿದುದರಿಂದ, 2017ರಲ್ಲಿ ವಾಲ್ವ್ ಸಂಸ್ಥೆಯೇ ಆ ನಿಯಮಗಳನ್ನು ಬಿಗಿಗೊಳಿಸಬೇಕಾಯಿತು.

ಈ ಪ್ರವಾಹದಲ್ಲಿ ಒಗಟಿನ ಗೇಮುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಕಾರಣವಿದೆ. ಓಟ, ಯುದ್ಧಗಳ ಆಟಕ್ಕೆ ಚಲನೆಯ ಸೂಕ್ಷ್ಮ ಹೊಂದಾಣಿಕೆ ಬೇಕು. ಒಗಟಿನ ಆಟದ ಹೊರರೂಪವಾದರೋ ಅತ್ಯಂತ ಸರಳ. ಚಿತ್ರವೊಂದನ್ನು ತುಂಡರಿಸಿ ಕಲೆಸಿದರೆ ಜೋಡಣೆಯ ಆಟವಾಗುತ್ತದೆ. ಚಿತ್ರವನ್ನು ಬದಲಿಸಿದರೆ ಇನ್ನೊಂದು ಗೇಮು ಸಿದ್ಧ. ಚೌಕಗಳ ಮೇಲೆ ಪೆಟ್ಟಿಗೆಗಳನ್ನು ಇಟ್ಟರೆ ತಳ್ಳಾಟವಾಗುತ್ತದೆ. ಕಟ್ಟುವುದು ಸುಲಭವೆಂದು ತೋರುವ ಪ್ರಕಾರವೇ ನಕಲಿಗೆ ಮೊದಲು ಈಡಾಗುತ್ತದೆ. ನವ್ಯದ ಕಾಲದಲ್ಲಿ ಮುಕ್ತಛಂದಕ್ಕೂ ಆ ಬಳಿಕ ಹನಿಗವನಕ್ಕೂ ಆದ ಅವಸ್ಥೆಯನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

3

ಆಟಗಾರರ ವಿಮರ್ಶೆಯ ಸ್ವರೂಪ ಕುತೂಹಲಕರವಾದುದು. ಸ್ಟೀಮ್‌ನಲ್ಲಿ 2013ರಿಂದ ಆಟಗಾರರು ಬರೆಯುವ ಅಭಿಪ್ರಾಯಗಳಿಗೆ ಎರಡೇ ತೀರ್ಪುಗಳಿವೆ: ಶಿಫಾರಸು ಮಾಡುತ್ತೇನೆ ಅಥವಾ ಇಲ್ಲ. ತೀರ್ಪಿನ ಜೊತೆಯಲ್ಲಿ ಬರೆದವರು ಆ ಗೇಮನ್ನು ಎಷ್ಟು ಗಂಟೆ ಆಡಿದ್ದಾರೆಂಬುದೂ ಪ್ರಕಟವಾಗುತ್ತದೆ. ನಮ್ಮ ಪುಸ್ತಕ ವಿಮರ್ಶೆಗಳ ಕೆಳಗೂ ವಿಮರ್ಶಕರು ಕೃತಿಯನ್ನು ಓದಿದ ಅವಧಿ ಅಚ್ಚಾಗುವಂತಿದ್ದರೆ ಎಷ್ಟು ವಿಮರ್ಶೆಗಳು ಉಳಿದಾವು ಎಂಬ ಯೋಚನೆ ಬಾರದಿರದು. ಈ ಬರಹಗಳು ಒರಟಾಗಿವೆ, ಹಲವು ವೇಳೆ ಅಸಭ್ಯವಾಗಿಯೂ ಇವೆ. ಆದರೂ ಅವುಗಳಲ್ಲಿ ಆಕರಶೋಧನೆಯ ಒಂದು ಶಿಸ್ತು ಕಾಣುತ್ತದೆ. ಈ ಬಾಗಿಲು ಯಾವ ಸಂಗ್ರಹದಿಂದ ಬಂದಿದೆ, ಇದರ ಬೆಲೆಯೆಷ್ಟು, ಇದೇ ಬಾಗಿಲು ಬೇರೆ ಯಾವ ಗೇಮುಗಳಲ್ಲಿ ಬಂದಿದೆ ಎಂಬುದನ್ನು ಆಟಗಾರರು ಸಾಕ್ಷಿ ಸಮೇತ ಗುರುತಿಸುತ್ತಾರೆ. ಗ್ರಂಥಸಂಪಾದಕನು ಪಾಠಾಂತರಗಳನ್ನು ಹೋಲಿಸುವ ಕೆಲಸಕ್ಕೆ ಇದು ಬಹಳ ದೂರದ್ದಲ್ಲ.

ಈ ವಿಮರ್ಶೆಗೆ ಬೆಲೆಯೂ ತೆರಬೇಕಾಗಿ ಬಂದಿದೆ. ಡಿಜಿಟಲ್ ಹೋಮಿಸೈಡ್ ಎಂಬ ಅಮೆರಿಕದ ಸಣ್ಣ ನಿರ್ಮಾಣ ಸಂಸ್ಥೆಯ ಗೇಮೊಂದನ್ನು ಸ್ಟರ್ಲಿಂಗ್ 2014ರಲ್ಲಿ ಕಟುವಾಗಿ ಟೀಕಿಸಿದರು. ಆ ಸಂಸ್ಥೆಯ ಕಡೆಯಿಂದ 2016ರಲ್ಲಿ ಅವರ ಮೇಲೆ ಕೋಟ್ಯಂತರ ರೂಪಾಯಿಗೆ ಸಮನಾದ ಪರಿಹಾರವನ್ನು ಕೋರಿ ಮೊಕದ್ದಮೆ ಹೂಡಲಾಯಿತು. ಅದೇ ವರ್ಷ ಸ್ಟೀಮ್‌ನ 100 ಮಂದಿ ಅನಾಮಧೇಯ ಆಟಗಾರರ ಮೇಲೂ ದಾವೆ ಹೂಡಿ, ಅವರ ಗುರುತನ್ನು ಬಹಿರಂಗಪಡಿಸುವಂತೆ ವಾಲ್ವ್ ಸಂಸ್ಥೆಯನ್ನು ಒತ್ತಾಯಿಸುವ ಪ್ರಯತ್ನ ನಡೆಯಿತು. ವಾಲ್ವ್ ಆ ನಿರ್ಮಾಪಕರ ಗೇಮುಗಳನ್ನೆಲ್ಲ ತನ್ನ ಅಂಗಡಿಯಿಂದ ತೆಗೆದುಹಾಕಿತು. ಸ್ಟರ್ಲಿಂಗ್ ಮೇಲಿನ ಮೊಕದ್ದಮೆ 2017ರ ಫೆಬ್ರವರಿಯಲ್ಲಿ, ಮತ್ತೆ ಹೂಡಲು ಅವಕಾಶವಿಲ್ಲದಂತೆ ವಜಾ ಆಯಿತು. ಕೊಂಡು ಆಡಿದವನಿಗೆ ಚೆನ್ನಾಗಿಲ್ಲ ಎನ್ನುವ ಹಕ್ಕಿದೆ ಎಂಬ ಸರಳ ಸಂಗತಿಯೂ ನ್ಯಾಯಾಲಯದವರೆಗೆ ಹೋಗಬೇಕಾದ ಕಾಲವಿದು. ಕೃತಿಯ ಗುಣದೋಷ ವಿವೇಚನೆಯನ್ನು ವೃತ್ತಿಯಾಗಿಸಿಕೊಂಡವರು ಆ ಆಟಗಾರರ ಪರವಾಗಿ ನಿಲ್ಲಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಆದರೆ ಹಕ್ಕನ್ನು ಒಪ್ಪುವುದು ಬೇರೆ, ತೀರ್ಪನ್ನು ಒಪ್ಪುವುದು ಬೇರೆ. 'ಅಸೆಟ್ ಫ್ಲಿಪ್' ಎಂಬ ಪದವು ಕಾಲಕ್ರಮದಲ್ಲಿ ವಿಶ್ಲೇಷಣೆಯ ಪದವಾಗಿ ಉಳಿಯದೆ ಬೈಗುಳವಾಗಿದೆ. ಕೊಂಡ ಸಾಮಗ್ರಿ ಒಂದು ಕಣ್ಣಿಗೆ ಬಿದ್ದರೂ ಸಾಕು, ಇಡೀ ಕೃತಿಯನ್ನು ಆ ಹೆಸರಿನಿಂದ ತಳ್ಳಿಹಾಕುವ ರೂಢಿ ಬೆಳೆದಿದೆ. 2017ರಲ್ಲಿ ಅಪಾರ ಜನಪ್ರಿಯತೆ ಗಳಿಸಿದ ಪಬ್‌ಜಿ ಆಟದಲ್ಲೂ ಅಂಗಡಿಯಿಂದ ಕೊಂಡ ಸಾಮಗ್ರಿಯಿತ್ತು. ಅದರ ಮೇಲೂ ಇದೇ ಆಪಾದನೆ ಬಂದಿತು. ಅಂತಹ ದೊಡ್ಡ ಕೃತಿ ಆಪಾದನೆಯನ್ನು ತಡೆದುಕೊಂಡೀತು. ವರ್ಷಗಟ್ಟಲೆ ಒಗಟುಗಳನ್ನು ಹೆಣೆದು, ಚಿತ್ರಗಳನ್ನಷ್ಟೇ ಕೊಂಡು ತಂದ ಒಂಟಿ ನಿರ್ಮಾಪಕ ತಡೆದುಕೊಳ್ಳಲಾರ. ಇದರೊಂದಿಗೆ ಗ್ರಾಹಕನ ಲೆಕ್ಕಾಚಾರವೂ ಸೇರಿಕೊಂಡಿದೆ. ಕೊಟ್ಟ ಹಣಕ್ಕೆ ಎಷ್ಟು ಗಂಟೆಯ ಆಟ ಎಂಬ ಅಳತೆ ಅದು. ಸ್ಟೀಮ್ 2015ರಲ್ಲಿ ಜಾರಿಗೆ ತಂದ ನಿಯಮದಂತೆ, ಕೊಂಡ 14 ದಿನಗಳೊಳಗೆ ಮತ್ತು ಎರಡು ಗಂಟೆಗೂ ಕಡಿಮೆ ಆಡಿದ್ದಲ್ಲಿ ಹಣವನ್ನು ಹಿಂದೆ ಪಡೆಯಬಹುದು. ಮೋಸಹೋದವರಿಗೆ ಇದು ರಕ್ಷೆ. ಒಂದೂವರೆ ಗಂಟೆಯಲ್ಲಿ ಮುಗಿಯುವಂತೆ ಬಿಗಿಯಾಗಿ ಕಟ್ಟಿದ ಗೇಮಿಗಾದರೋ ಇದೇ ಶಿಕ್ಷೆ. ಮುಕ್ತಕವನ್ನು ಪುಟಗಳ ಲೆಕ್ಕದಲ್ಲಿ ಮಹಾಕಾವ್ಯದೊಡನೆ ತೂಗಿದಂತಾಗುತ್ತದೆ ಇದು.

4

ಈ ಗೊಂದಲವನ್ನು ಬಿಡಿಸಲು ರಾಜಶೇಖರನ 'ಕಾವ್ಯಮೀಮಾಂಸೆ' ಬಹಳ ಉಪಯುಕ್ತ. ಕ್ರಿ.ಶ. ಸುಮಾರು 900ರ ಈ ಗ್ರಂಥವು 'ಹರಣ'ವನ್ನು, ಎಂದರೆ ಒಬ್ಬ ಕವಿ ಇನ್ನೊಬ್ಬನಿಂದ ತೆಗೆದುಕೊಳ್ಳುವುದನ್ನು, ನೈತಿಕ ಆಕ್ರೋಶದಿಂದ ನೋಡದೆ ವರ್ಗೀಕರಿಸಿ ನೋಡುತ್ತದೆ. ಶಬ್ದದ ಹರಣ ಬೇರೆ, ಅರ್ಥದ ಹರಣ ಬೇರೆ. ಅರ್ಥದ ವಿಷಯದಲ್ಲಿ ರಾಜಶೇಖರನು ನಾಲ್ಕು ಬಗೆಗಳನ್ನು ಹೇಳುತ್ತಾನೆ. ಅರ್ಥವೆಲ್ಲ ಹಳೆಯದೇ ಆಗಿದ್ದು ವಾಕ್ಯರಚನೆ ಮಾತ್ರ ಬದಲಾದರೆ ಅದು ಪ್ರತಿಬಿಂಬಕಲ್ಪ. ಅಲ್ಪಸ್ವಲ್ಪ ಸಂಸ್ಕಾರದಿಂದ ಹಳೆಯ ವಸ್ತು ಬೇರೆಯದರಂತೆ ತೋರಿದರೆ ಆಲೇಖ್ಯಪ್ರಖ್ಯ. ವಸ್ತುಗಳು ಬೇರೆಯಾಗಿದ್ದರೂ ಅತಿಸಾದೃಶ್ಯದಿಂದ ಒಂದೇ ಎಂಬಂತೆ ಭಾಸವಾದರೆ ತುಲ್ಯದೇಹಿತುಲ್ಯ. ಮೂಲ ಒಂದೇ ಆಗಿದ್ದು ಅದರ ಮೇಲಿನ ಕಟ್ಟಡವೆಲ್ಲ ಬಹುದೂರಕ್ಕೆ ಭಿನ್ನವಾಗಿದ್ದರೆ ಪರಪುರಪ್ರವೇಶಸದೃಶ. ಇದಕ್ಕೂ ಮೊದಲು, ಒಂಬತ್ತನೆಯ ಶತಮಾನದಲ್ಲಿ, ಆನಂದವರ್ಧನನು 'ಧ್ವನ್ಯಾಲೋಕ'ದ ನಾಲ್ಕನೆಯ ಉದ್ಯೋತದಲ್ಲಿ ಇಂತಹ ಮೂರು ಬಗೆಯ ಸಂವಾದಗಳನ್ನು ಗುರುತಿಸಿ, ಮೊದಲೆರಡನ್ನು ಬಿಡಬೇಕೆಂದೂ, ತನ್ನದೇ ಆತ್ಮವಿರುವ ಮೂರನೆಯದನ್ನು ಬಿಡಬೇಕಾಗಿಲ್ಲವೆಂದೂ ಹೇಳಿದ್ದನು. ಹೋಲಿಕೆಯೇ ದೋಷವಲ್ಲ, ಹೋಲಿಕೆಯ ಒಳಗೆ ಸ್ವಂತ ಜೀವವಿಲ್ಲದಿರುವುದು ದೋಷ ಎಂಬುದು ಇಲ್ಲಿನ ಸಾರ.

ಈ ವಿಭಾಗಗಳನ್ನು ಒಗಟಿನ ಗೇಮುಗಳಿಗೆ ಅನ್ವಯಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಅಂಗಡಿಯಲ್ಲಿ ಕೊಂಡ ಮಾದರಿಯನ್ನು ಹೆಸರು ಬದಲಿಸಿ ಮಾರಿದರೆ ಅದು ಪ್ರತಿಬಿಂಬಕಲ್ಪ. ಆಟಗಾರರ ಸಿಟ್ಟಿಗೆ ನಿಜವಾಗಿ ಅರ್ಹವಾದುದು ಇದೊಂದೇ.

ಆಲೇಖ್ಯಪ್ರಖ್ಯಕ್ಕೆ 2014ರ ಒಂದು ಪ್ರಸಂಗ ಉತ್ತಮ ನಿದರ್ಶನ. ಆ ವರ್ಷದ ಫೆಬ್ರವರಿಯಲ್ಲಿ ಏಶರ್ ವೋಲ್ಮರ್ ಮತ್ತು ಗ್ರೆಗ್ ವೋಲ್ವೆಂಡ್ 'ತ್ರೀಸ್' ಎಂಬ ಅಂಕಿಗಳ ಒಗಟಿನ ಆಟವನ್ನು ಪ್ರಕಟಿಸಿದರು. ಅದರ ರಚನೆಗೆ ಹದಿನಾಲ್ಕು ತಿಂಗಳುಗಳಷ್ಟು ಶ್ರಮ ಸಂದಿತ್ತು. ಅದನ್ನು ಹೋಲುವ '1024' ಎಂಬ ಆಟ ಬಂದಿತು. ಮಾರ್ಚ್‌ನಲ್ಲಿ ಹತ್ತೊಂಬತ್ತು ವರ್ಷದ ಇಟಲಿಯ ತರುಣ ಗೇಬ್ರಿಯೆಲ್ ಚಿರುಲ್ಲಿ ಒಂದು ವಾರಾಂತ್ಯದಲ್ಲಿ '2048' ಎಂಬುದನ್ನು ಕಟ್ಟಿ ಉಚಿತವಾಗಿ ಹಂಚಿದನು. ಅದು ಮೂಲವನ್ನು ಮೀರಿ ಜಗತ್ತಿನಾದ್ಯಂತ ಹರಡಿತು. 'ತ್ರೀಸ್'ನ ಕರ್ತೃಗಳು ತಾವು ಪರಸ್ಪರ ಬರೆದುಕೊಂಡ ಪತ್ರಗಳನ್ನೇ ಪ್ರಕಟಿಸಿ, ಸರಳವಾಗಿ ಕಾಣುವ ನಿಯಮದ ಹಿಂದೆ ಎಷ್ಟು ಕರಡುಗಳು ಬಿದ್ದುಹೋದವು ಎಂಬುದನ್ನು ತೋರಿಸಿದರು. ಕವಿಯ ಕರಡುಪ್ರತಿಗಳನ್ನು ಅಭ್ಯಾಸ ಮಾಡುವ ನಮ್ಮಂಥವರಿಗೆ ಆ ಪತ್ರಗಳು ಓದತಕ್ಕವು. ಅವರ ನೋವು ನ್ಯಾಯವಾದುದೇ. ಆದರೆ ಚಿರುಲ್ಲಿ ತನ್ನ ಆಟವು '1024'ರ ಆಧಾರದ ಮೇಲೆ ನಿಂತಿದೆಯೆಂದೂ 'ತ್ರೀಸ್'ನ ಕಲ್ಪನೆಗೆ ಸಮೀಪವೆಂದೂ ಬರೆದುಕೊಂಡಿದ್ದನು, ಹಣವನ್ನೂ ಕೇಳಲಿಲ್ಲ. ಆ ಬಳಿಕ '2048'ನ್ನೇ ಹೆಸರು ಬದಲಿಸಿ ಜಾಹೀರಾತು ತುಂಬಿ ಹರಿಯಬಿಟ್ಟವರು ಅನೇಕರು. ಚಿರುಲ್ಲಿಯದು ಆಲೇಖ್ಯ, ಅವರದು ಪ್ರತಿಬಿಂಬ. ಇವೆರಡನ್ನೂ ನಕಲು ಎಂಬ ಒಂದೇ ಪದದಿಂದ ಕರೆಯುವ ವಿಮರ್ಶೆ ತನ್ನ ಕೆಲಸವನ್ನು ಅರ್ಧಕ್ಕೆ ಬಿಟ್ಟಂತೆ.

ಪರಪುರಪ್ರವೇಶಕ್ಕೆ 'ಬಾಬಾ ಈಸ್ ಯು' ಎಂಬ ಗೇಮಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಗೋದಾಮಿನ ಕೆಲಸಗಾರನೊಬ್ಬ ಪೆಟ್ಟಿಗೆಗಳನ್ನು ತಳ್ಳಿ ನಿಗದಿತ ಜಾಗಕ್ಕೆ ಸೇರಿಸುವ 'ಸೋಕೊಬಾನ್' ಆಟ ಜಪಾನಿನಲ್ಲಿ 1982ರಲ್ಲಿ ಪ್ರಕಟವಾಯಿತು. ಅಂದಿನಿಂದ ಅದರ ಅನುಕರಣಗಳಿಗೆ ಲೆಕ್ಕವಿಲ್ಲ. ಫಿನ್ಲೆಂಡಿನ ಆರ್ವಿ ಟೈಕಾರಿ 2019ರಲ್ಲಿ ಪ್ರಕಟಿಸಿದ 'ಬಾಬಾ ಈಸ್ ಯು' ಕೂಡ ಮೂಲತಃ ತಳ್ಳುವ ಆಟವೇ. ಆದರೆ ಅಲ್ಲಿ ಪೆಟ್ಟಿಗೆಗಳಂತೆ ತಳ್ಳಬೇಕಾದುದು ಪದಗಳನ್ನು. 'ಗೋಡೆ', 'ಎಂದರೆ', 'ತಡೆ' ಎಂಬ ಮೂರು ಪದಗಳು ಸಾಲಾಗಿ ನಿಂತಿರುವವರೆಗೆ ಮಾತ್ರ ಗೋಡೆ ತಡೆಯುತ್ತದೆ. ಒಂದು ಪದವನ್ನು ಸರಿಸಿದೊಡನೆ ಅದರೊಳಗಿಂದ ನಡೆದುಹೋಗಬಹುದು. ಆಟದ ನಿಯಮವೇ ವಾಕ್ಯವಾಗಿ ಕಣ್ಣೆದುರು ಬಿದ್ದಿರುತ್ತದೆ, ವಾಕ್ಯವನ್ನು ಮುರಿದರೆ ಲೋಕ ಬದಲಾಗುತ್ತದೆ. ವ್ಯಾಕರಣವನ್ನು ಪಾಠ ಮಾಡುವವರು ಇದನ್ನು ಒಮ್ಮೆಯಾದರೂ ಆಡಿನೋಡಬೇಕು. ಇದರ ಮೂಲಸಾಮಗ್ರಿ ಸುಮಾರು ನಾಲ್ಕು ದಶಕಗಳಷ್ಟು ಹಳೆಯದು. ಇದನ್ನು ಯಾವ ಆಟಗಾರನೂ ಕಳವೆಂದು ಕರೆಯಲಿಲ್ಲ.

ರನ್ನನ 'ಗದಾಯುದ್ಧ'ವನ್ನು ಪಾಠ ಮಾಡುವಾಗ ನಾವು ಮಾಡುವುದೂ ಇಂತಹ ವಿವೇಚನೆಯನ್ನೇ. ಪಂಪಭಾರತದ ಹದಿಮೂರನೆಯ ಆಶ್ವಾಸ, ಭಾಸನ 'ಊರುಭಂಗ', ಭಟ್ಟನಾರಾಯಣನ 'ವೇಣೀಸಂಹಾರ' ಇವುಗಳಿಗೆ ರನ್ನನ ಋಣ ಎಷ್ಟೆಂದು ಪಟ್ಟಿ ಮಾಡಿದ ಮೇಲೂ ಆ ದುರ್ಯೋಧನ ರನ್ನನವನಾಗಿಯೇ ಉಳಿಯುತ್ತಾನೆ.

5

ಒಗಟಿನ ವಿಷಯದಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು. ನಮ್ಮ ಜಾನಪದ ಒಗಟುಗಳ ಸಾಮಗ್ರಿಯೆಲ್ಲ ಮರುಬಳಕೆಯದೇ. ಮನೆ, ಬಾವಿ, ಮರ, ಹಕ್ಕಿ, ಅಣ್ಣತಮ್ಮಂದಿರು, ರಾಜ, ರಾಣಿ ಇಂತಹ ಕೆಲವೇ ವಸ್ತುಗಳು ಸಾವಿರಾರು ಒಗಟುಗಳಲ್ಲಿ ತಿರುಗುತ್ತಿರುತ್ತವೆ. ಬಾಗಿಲಿಲ್ಲದ ಮನೆ ಎಂಬ ಕಲ್ಪನೆ ಒಂದು ಕಡೆ ಮೊಟ್ಟೆಯಾದೀತು, ಇನ್ನೊಂದು ಕಡೆ ಬೇರೇನೋ ಆದೀತು. ಒಗಟು ಹಾಕಿದ ಅಜ್ಜಿಗೆ 'ಈ ಮನೆ ನಿನ್ನೆಯ ಒಗಟಿನಲ್ಲೂ ಇತ್ತಲ್ಲ' ಎಂದು ಯಾವ ಮೊಮ್ಮಗುವೂ ಆಕ್ಷೇಪಿಸುವುದಿಲ್ಲ. ಬಿಡಿಸುವವನ ಮನಸ್ಸಿಗೆ ಕೆಲಸ ಕೊಡುವುದು ವಸ್ತುವಲ್ಲ, ವಸ್ತುಗಳ ನಡುವೆ ಕಟ್ಟಿದ ಸಂಬಂಧ. ಒಗಟಿನ ಗೇಮಿಗೂ ಇದೇ ಮಾತು ಸಲ್ಲುತ್ತದೆ. ಸ್ಟೀಫನ್ ಲ್ಯಾವೆಲ್ 2013ರಲ್ಲಿ ಉಚಿತವಾಗಿ ಒದಗಿಸಿದ 'ಪಜಲ್‌ಸ್ಕ್ರಿಪ್ಟ್' ಎಂಬ ಉಪಕರಣದಲ್ಲಿ ಪ್ರತಿಯೊಂದು ವಸ್ತುವೂ ಐದು ಚುಕ್ಕೆ ಅಗಲ, ಐದು ಚುಕ್ಕೆ ಎತ್ತರದ ಚಿತ್ರ. ಅದರಲ್ಲಿ ಕಟ್ಟಿದ ಗೇಮುಗಳೆಲ್ಲ ನೋಡಲು ಒಂದೇ ತಾಯಿಯ ಮಕ್ಕಳಂತೆ ಇರುತ್ತವೆ. ಆದರೂ ಅವುಗಳಲ್ಲಿ ಉತ್ತಮವಾದವು ಒಂದಕ್ಕೊಂದು ಸಂಪೂರ್ಣ ಭಿನ್ನ. ಆದ್ದರಿಂದ ಒಗಟಿನ ಗೇಮನ್ನು ಅದರ ಬಾಗಿಲು, ಪಂಜುಗಳಿಂದ ಅಳೆಯುವ ಆಟಗಾರ ತಪ್ಪು ಜಾಗದಲ್ಲಿ ಅಳತೆಗೋಲು ಹಿಡಿದಿದ್ದಾನೆ. ಅಲ್ಲಿ ನೋಡಬೇಕಾದುದು ಸಮಸ್ಯೆಯ ಹೊಸತನವನ್ನು.

ಹಾಗಾದರೆ ಆಟಗಾರರ ಅಸಮಾಧಾನಕ್ಕೆ ನಿಜವಾದ ಕಾರಣವೇನು? ಅವರ ದೂರುಗಳನ್ನು ಸಾವಧಾನವಾಗಿ ಓದಿದರೆ ಮೂರು ಅಂಶಗಳು ಕಾಣುತ್ತವೆ. ಮೊದಲನೆಯದು ಔಚಿತ್ಯಭಂಗ. ನೈಜವಾಗಿ ಚಿತ್ರಿಸಿದ ಕಲ್ಲಿನ ಬಾಗಿಲ ಪಕ್ಕದಲ್ಲಿ ವ್ಯಂಗ್ಯಚಿತ್ರದಂತಹ ಮರ, ಶೋಕದ ಸಂಗೀತದ ನಡುವೆ ಗೆದ್ದಾಗ ಮೊಳಗುವ ಹಾಸ್ಯದ ತುತ್ತೂರಿ. ಕ್ಷೇಮೇಂದ್ರನ ಪದವನ್ನು ಬಲ್ಲದಿದ್ದರೂ ಆ ಆಟಗಾರರು ಹೇಳುತ್ತಿರುವುದು ಔಚಿತ್ಯದ ಮಾತನ್ನೇ. ಎರಡನೆಯದು ಋಣವನ್ನು ಮರೆಮಾಚುವುದು. ಕೊಂಡದ್ದನ್ನು ಕೊಂಡದ್ದೆಂದು ಹೇಳಿದರೆ ಬಹುಪಾಲು ಆಟಗಾರರ ಮನಸ್ಸು ಮೃದುವಾಗುತ್ತದೆ. ಮೂರನೆಯದು, ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದುದು, ಕರ್ತೃವಿನ ಗೈರುಹಾಜರಿ. ಗೋಡೆಯೊಳಗೆ ಸಿಕ್ಕಿಕೊಂಡ ಆ ಕೀಲಿಕೈಯನ್ನೇ ನೆನೆಯೋಣ. ಒಗಟು ಹಾಕುವುದೆಂದರೆ ಅದಕ್ಕೆ ಉತ್ತರವಿದೆ ಎಂದು ಮಾತು ಕೊಡುವುದು. ಆ ಭರವಸೆಯ ಮೇಲೆಯೇ ಬಿಡಿಸುವವನು ತನ್ನ ಸಮಯವನ್ನು ಒಪ್ಪಿಸುತ್ತಾನೆ. ಕಥೆ ಸಪ್ಪೆಯಾದರೆ ಓದುಗನಿಗೆ ಬೇಸರವಾಗುತ್ತದೆ. ಒಗಟಿಗೆ ಉತ್ತರವೇ ಇಲ್ಲದಿದ್ದರೆ ಬಿಡಿಸುವವನು ತನ್ನ ಬುದ್ಧಿಯನ್ನೇ ಶಂಕಿಸಿಕೊಳ್ಳುತ್ತಾನೆ. ಎರಡು ಸಂಜೆ ನಾನು ಶಂಕಿಸಿಕೊಂಡದ್ದು ಹಾಗೆಯೇ. ಕಳೆದುಹೋದ ಹಣಕ್ಕಿಂತ ಇದರ ನೋವು ಹೆಚ್ಚಿನದು.

ಬಡ ದೇಶಗಳ ತರುಣರು ಇಂತಹ ಗೇಮುಗಳಿಂದ ಜೀವನ ಸಾಗಿಸುತ್ತಿರಬಹುದು, ನಾಲ್ಕು ಕಾಸಿನ ಸರಕಿಗೆ ಇಷ್ಟು ಕಟ್ಟುನಿಟ್ಟು ಏಕೆ ಎಂಬ ವಾದವೊಂದಿದೆ. ಅದನ್ನು ಲಘುವಾಗಿ ತಳ್ಳಿಹಾಕಲಾರೆ. ಆದರೆ ಹೆಚ್ಚು ಹಾನಿಗೀಡಾಗುವವರೂ ಅಂತಹ ತರುಣರೇ. 2024ರ ಒಂದೇ ವರ್ಷದಲ್ಲಿ ಸ್ಟೀಮ್‌ನಲ್ಲಿ 18,000ಕ್ಕೂ ಹೆಚ್ಚು ಗೇಮುಗಳು ಬಿಡುಗಡೆಯಾದವು. ಈ ರಾಶಿಯಲ್ಲಿ ಪ್ರಾಮಾಣಿಕವಾದ ಸಣ್ಣ ಕೃತಿಯನ್ನು ಹುಡುಕುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ. ಒಮ್ಮೆ ಮೋಸಹೋದ ಆಟಗಾರ ಮುಂದಿನ ಬಾರಿ ಹೆಸರಾಂತ ಸಂಸ್ಥೆಗಳ ಗೇಮುಗಳಿಗೇ ಮರಳುತ್ತಾನೆ.

6

ಯಂತ್ರವೇ ಚಿತ್ರ ಬರೆದು, ಮಾತು ಹೊಸೆದು ಕೊಡುವ ಈ ದಿನಗಳಲ್ಲಿ ಅಸೆಟ್‌ಗಳ ಅಂಗಡಿಗೂ ಹೋಗಬೇಕಾಗಿಲ್ಲ. ಕೃತಕ ಬುದ್ಧಿಮತ್ತೆಯ ನೆರವಿನಿಂದ ಸಿದ್ಧಪಡಿಸಿದ ಸಾಮಗ್ರಿಯಿದ್ದರೆ ಅದನ್ನು ನಿರ್ಮಾಪಕರು ತಿಳಿಸಬೇಕೆಂದು ಸ್ಟೀಮ್ 2024ರ ಜನವರಿಯಲ್ಲಿ ನಿಯಮ ಮಾಡಿತು. ಆಕರವನ್ನು ಹೇಳಿಕೊಳ್ಳಬೇಕೆಂಬ ಈ ಕಟ್ಟಳೆ ಸ್ವಾಗತಾರ್ಹ. ಆದರೆ ಸಾಮಗ್ರಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಮಾತ್ರ ಅದು ಉತ್ತರ ಕೊಡುತ್ತದೆ. ಅದನ್ನು ಹೊತ್ತು ತಂದವನು ಏನು ಕಟ್ಟಿದ ಎಂಬುದನ್ನು ವಿಮರ್ಶೆಯೇ ಹೇಳಬೇಕು.

ಈ ಪ್ರಶ್ನೆ ಗೇಮುಗಳಲ್ಲಿಗೇ ನಿಲ್ಲುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಹೊರಡಿಸಿದ ಕೃತಿಚೌರ್ಯ ತಡೆ ನಿಯಮಾವಳಿಯಂತೆ ನಮ್ಮ ಮಹಾಪ್ರಬಂಧಗಳ ಹೋಲಿಕೆಯನ್ನು ಶೇಕಡಾವಾರು ಅಳೆಯಲಾಗುತ್ತದೆ. ಶೇ. 10ರವರೆಗೆ ದಂಡನೆಯಿಲ್ಲ, ಅಲ್ಲಿಂದ ಮೇಲೆ 40, 60ರ ಗಡಿಗಳಲ್ಲಿ ಶಿಕ್ಷೆ ಏರುತ್ತದೆ. ನಿಯಮ ಬೇಕಾದುದೇ. ಆದರೆ ರಾಜಶೇಖರನ ಪರಿಭಾಷೆಯಲ್ಲಿ ಹೇಳುವುದಾದರೆ, ಅದು ಮುಖ್ಯವಾಗಿ ಹಿಡಿಯುವುದು ಶಬ್ದಹರಣವನ್ನು. ಕವಿಯ ಹೆಸರನ್ನಷ್ಟೇ ಬದಲಿಸಿ 'ಜೀವನ', 'ಕೃತಿಗಳು', 'ಸಾಮಾಜಿಕ ಪ್ರಜ್ಞೆ', 'ಸ್ತ್ರೀ ಸಂವೇದನೆ', 'ಸಮಾರೋಪ' ಎಂಬ ಅವೇ ಅಧ್ಯಾಯಗಳಲ್ಲಿ ಸಿದ್ಧವಾಗುವ ಪ್ರಬಂಧದ ಪ್ರತಿಯೊಂದು ವಾಕ್ಯವೂ ಹೊಸದಾಗಿರಬಹುದು, ತಂತ್ರಾಂಶ ಅದನ್ನು ಸರಾಗವಾಗಿ ಒಳಗೆ ಬಿಡಬಹುದು. ಅರ್ಥವೆಲ್ಲ ಹಳೆಯದು, ವಾಕ್ಯರಚನೆ ಮಾತ್ರ ಬೇರೆ ಎಂಬ ಪ್ರತಿಬಿಂಬಕಲ್ಪದ ಲಕ್ಷಣಕ್ಕೆ ಇದಕ್ಕಿಂತ ಹತ್ತಿರದ ಲಕ್ಷ್ಯವನ್ನು ಹುಡುಕಿಕೊಂಡು ಸ್ಟೀಮ್‌ವರೆಗೆ ಹೋಗಬೇಕಾಗಿಲ್ಲ. ಇದಕ್ಕೆ ವಿರುದ್ಧವಾಗಿ, ಶಾಸನಗಳನ್ನೂ ಹಸ್ತಪ್ರತಿಗಳನ್ನೂ ಧಾರಾಳವಾಗಿ ಉದ್ಧರಿಸಿ ಒಂದೇ ಒಂದು ಹೊಸ ಸಂಬಂಧವನ್ನು ತೋರಿಸಿದ ಪ್ರಬಂಧ ಶೇಕಡಾವಾರು ಲೆಕ್ಕದಲ್ಲಿ ಸಂದೇಹಕ್ಕೆ ಗುರಿಯಾದೀತು. ನಾನೂ ಪ್ರಬಂಧವನ್ನು ಬರೆಯುತ್ತಿರುವವನೇ ಆದುದರಿಂದ ಈ ಮಾತನ್ನು ಹೊರಗೆ ನಿಂತು ಹೇಳುತ್ತಿಲ್ಲ. ನನ್ನ ಮೊದಲ ಕರಡಿನ ಅಧ್ಯಾಯ ವಿಭಜನೆಯೂ ಮೇಲೆ ಹೇಳಿದ ಪಟ್ಟಿಯಿಂದ ಬಹಳ ದೂರವಿರಲಿಲ್ಲ.

ಆಟಗಾರರಿಂದ ನಾವು ಕಲಿಯಬೇಕಾದುದು ಅವರ ಬೈಗುಳವನ್ನಲ್ಲ, ಅವರ ಎಚ್ಚರವನ್ನು. ಇದನ್ನು ಕಟ್ಟಿದವರು ಒಮ್ಮೆಯಾದರೂ ಆಡಿ ನೋಡಿದ್ದಾರೆಯೇ ಎಂಬ ಅವರ ಪ್ರಶ್ನೆ ನಮ್ಮ ಮೌಖಿಕ ಪರೀಕ್ಷೆಗಳಲ್ಲೂ ಕೇಳತಕ್ಕದ್ದು: ಈ ಪ್ರಬಂಧ ಎತ್ತಿಕೊಂಡ ಸಮಸ್ಯೆ ಯಾವುದು, ಅದನ್ನು ಬರೆದವರು ಸ್ವತಃ ಬಿಡಿಸಲು ಯತ್ನಿಸಿದ್ದಾರೆಯೇ? ಹೋಲಿಕೆಯ ಶೇಕಡಾವಾರು ವರದಿಯ ಜೊತೆಗೆ ಈ ಒಂದು ಪ್ರಶ್ನೆಗೂ ಉತ್ತರವನ್ನು ಲಿಖಿತವಾಗಿ ಪಡೆಯುವ ಪದ್ಧತಿಯನ್ನು ನಮ್ಮ ವಿಭಾಗಗಳು ಆರಂಭಿಸಬಹುದು. ನಿಯಮಾವಳಿಗೆ ತಿದ್ದುಪಡಿಯನ್ನು ಕಾಯದೆ, ಮಾರ್ಗದರ್ಶಕರೂ ಪರೀಕ್ಷಕರೂ ಮನಸ್ಸು ಮಾಡಿದರೆ ಸಾಕು, ಮುಂದಿನ ವರ್ಷದಿಂದಲೇ ಅದು ಸಾಧ್ಯ.